ಯಾವ ಸೀಟು ಯಾವಾಗ ಬಿಡಬೇಕು? ಲಾ ಸ್ಕೂಲ್ ಸ್ಕಾಲರ್‌ಶಿಪ್ ಮಾತುಕತೆಯ ಒಂದು ಪ್ರಕರಣ

ಅಮೆರಿಕದ ಲಾ ಸ್ಕೂಲ್‌ಗಳಿಗೆ ಅರ್ಜಿ ಹಾಕುವುದು ಹೇಗೆ ಅಂತ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಹಾಕಿದ ಅರ್ಜಿಯನ್ನು ಯಾವಾಗ ವಾಪಸ್ ತೆಗೆದುಕೊಳ್ಳಬೇಕು ಅಂತ ಹೇಳುವವರು ಕಡಿಮೆ. ಸೇರುವುದಿಲ್ಲ ಅಂತಾದ ಮೇಲೆ ಒಂದು ಇಮೇಲ್ ಕಳಿಸಿದರೆ ಮುಗೀತು ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಆದರೆ ಸ್ಕಾಲರ್‌ಶಿಪ್ ಮಾತುಕತೆ ನಡೆಯುತ್ತಿರುವಾಗ ಅಭ್ಯರ್ಥಿಯ ಕೈಯಲ್ಲಿ ಇರುವುದು ಒಂದೇ ಒಂದು ಮಾತು: "ನೀವು ಇಷ್ಟು ಕೊಟ್ಟರೆ ನಾನು ಉಳಿದವನ್ನೆಲ್ಲ ಬಿಟ್ಟು ಬರುತ್ತೇನೆ." ಆ ಮಾತಿಗೆ ಬೆಲೆ ಬರುವುದು ಬಿಡಲು ಏನಾದರೂ ಇದ್ದಾಗ, ಮತ್ತು ಮಾತು ನಿಜವಾದಾಗ. ಈ ಎರಡನ್ನೂ ಒಟ್ಟಿಗೆ ನೋಡಿಕೊಂಡ ಒಬ್ಬ ಹುಡುಗಿಯ ಪ್ರಕರಣವನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಹುಡುಗಿ ಹುಟ್ಟಿ ಬೆಳೆದದ್ದು ಅಮೆರಿಕದ ಈಶಾನ್ಯದ ಒಂದು ರಾಜ್ಯದಲ್ಲಿ. ಅಪ್ಪ ಅಮ್ಮ ಹಾಸನದ ಕಡೆಯವರು. ನಾನು ಇಲ್ಲಿನ ಒಂದು ಯೂನಿವರ್ಸಿಟಿಯಲ್ಲಿ ಲಾ ಸ್ಕೂಲ್‌ಗೆ ಹೋಗುವ ಮಕ್ಕಳಿಗೆ ಸಲಹೆ ಕೊಡುವ ಕೆಲಸದಲ್ಲಿದ್ದೇನೆ. ಕನ್ನಡ ಕೂಟದಲ್ಲಿ ಆದ ಪರಿಚಯದಿಂದ ಅವರು ನನ್ನ ಹತ್ತಿರ ಬಂದರು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಅಂಕಿಗಳನ್ನು ಸ್ವಲ್ಪ ಆಚೀಚೆ ಮಾಡಿದ್ದೇನೆ, ಸ್ಕೂಲ್‌ಗಳ ಹೆಸರು ಬಿಟ್ಟಿದ್ದೇನೆ.

ಮೊದಲು ಮನೆಯ ಲೆಕ್ಕ

ಅವಳು ಮಾಡಬೇಕೆಂದಿರುವುದು ಇಮಿಗ್ರೇಶನ್ ಕಾನೂನಿನ ಕೆಲಸ. ದೊಡ್ಡ ಕಂಪನಿಗಳ ಪರವಾಗಿ ಅಲ್ಲ, ವಕೀಲರಿಗೆ ಕೊಡಲು ದುಡ್ಡಿಲ್ಲದವರ ಪರವಾಗಿ. ಅಪ್ಪ ಅಮ್ಮ ವರ್ಷಾನುಗಟ್ಟಲೆ ಗ್ರೀನ್ ಕಾರ್ಡ್‌ಗೆ ಕಾದಿದ್ದನ್ನು ನೋಡುತ್ತಲೇ ಬೆಳೆದವಳು. ಈ ಆಸೆಯೇ ಇಡೀ ಲೆಕ್ಕವನ್ನು ನಿರ್ಧರಿಸಿತು. ನ್ಯೂಯಾರ್ಕಿನ ದೊಡ್ಡ ಲಾ ಫರ್ಮ್‌ಗಳಲ್ಲಿ ಹೊಸಬರ ಸಂಬಳ ವರ್ಷಕ್ಕೆ 2,25,000 ಡಾಲರ್. ಅಲ್ಲಿಗೆ ಹೋಗುವವರು ಎಷ್ಟು ಸಾಲ ಮಾಡಿದರೂ ತೀರಿಸಿಯಾರು. ಲಾಭಕ್ಕಾಗಿ ನಡೆಸದ ಸಂಸ್ಥೆಗಳಲ್ಲಿ ಸಂಬಳ ಅದರ ಅರ್ಧಕ್ಕೂ ಬರುವುದಿಲ್ಲ. ಅಲ್ಲಿ ದುಡಿಯುವವರಿಗೆ ಒಂದು ಅನುಕೂಲ ಇದೆ. ಸಾರ್ವಜನಿಕ ಸೇವೆಯಲ್ಲಿ ಇದ್ದುಕೊಂಡು 120 ಕಂತು ಕಟ್ಟಿದರೆ, ಅಂದರೆ ಹತ್ತು ವರ್ಷದ ನಂತರ, ಉಳಿದ ಸಾಲವನ್ನು ಕೇಂದ್ರ ಸರ್ಕಾರ ಮನ್ನಾ ಮಾಡುತ್ತದೆ. ಆದರೆ ಮನ್ನಾ ಆಗುವುದು ಕೇಂದ್ರ ಸರ್ಕಾರದ ಸಾಲ ಮಾತ್ರ. ಬ್ಯಾಂಕಿನಿಂದ ತಂದ ಖಾಸಗಿ ಸಾಲಕ್ಕೆ ಈ ಸೌಲಭ್ಯ ಇಲ್ಲ.

ಇದರ ಮೇಲೆ ಈ ಸಲ ಇನ್ನೊಂದು ಬದಲಾವಣೆ ಬಂತು. 2006ರಿಂದ ಗ್ರ್ಯಾಡ್ ಪ್ಲಸ್ ಅನ್ನುವ ಸಾಲ ಇತ್ತು. ಟ್ಯೂಷನ್, ಬಾಡಿಗೆ, ಊಟ ಎಲ್ಲ ಸೇರಿ ಎಷ್ಟು ಖರ್ಚಾಗುತ್ತೋ ಅಷ್ಟನ್ನೂ ಸರ್ಕಾರದಿಂದಲೇ ಪಡೆಯಬಹುದಿತ್ತು. 2025ರ ಜುಲೈ 4ರಂದು ಸಹಿಯಾದ ಕಾಯ್ದೆ, 2026ರ ಜುಲೈ 1ರಿಂದ ಹೊಸದಾಗಿ ಸೇರುವವರಿಗೆ ಅದನ್ನು ನಿಲ್ಲಿಸಿತು. ಲಾ, ಮೆಡಿಕಲ್‌ನಂಥ ವೃತ್ತಿ ಕೋರ್ಸ್‌ಗಳಿಗೆ ಈಗ ಸರ್ಕಾರಿ ಸಾಲದ ಮಿತಿ ವರ್ಷಕ್ಕೆ 50,000 ಡಾಲರ್, ಒಟ್ಟು 2,00,000. ಹೆಸರಾಂತ ಖಾಸಗಿ ಲಾ ಸ್ಕೂಲ್‌ಗಳಲ್ಲಿ ವರ್ಷದ ಒಟ್ಟು ಖರ್ಚು ಒಂದು ಲಕ್ಷ ಡಾಲರ್ ದಾಟಿದೆ. ಮಧ್ಯದ ಕಂದಕ ತುಂಬಬೇಕಾದ್ದು ಸ್ಕಾಲರ್‌ಶಿಪ್, ಅಪ್ಪ ಅಮ್ಮ, ಇಲ್ಲವೇ ಖಾಸಗಿ ಸಾಲ. (ಕೆಲಸದ ವೀಸಾದಲ್ಲಿ ಬಂದವರ ಮನೆಯವರಿಗೆ ಕೊಡುವ ಎಚ್-4 ವೀಸಾದಲ್ಲಿ ಬೆಳೆದ ಮಕ್ಕಳಿಗೆ, ಊರಿನಿಂದ ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಬರುವವರಿಗೆ ಸರ್ಕಾರಿ ಸಾಲ ಮೊದಲಿಂದಲೂ ಇಲ್ಲ. ಅವರ ಲೆಕ್ಕವೇ ಬೇರೆ. ಇವಳು ಇಲ್ಲಿಯ ಪ್ರಜೆ.)

ಅಪ್ಪ ಅಮ್ಮ ವರ್ಷಕ್ಕೆ 15,000 ಡಾಲರ್ ಕೊಡುತ್ತೇವೆ ಅಂದರು. ತಮ್ಮನ ಕಾಲೇಜು ಇನ್ನೂ ಬಾಕಿ ಇದೆ, ಅದಕ್ಕಿಂತ ಜಾಸ್ತಿ ಆಗುವುದಿಲ್ಲ. ಹಾಗಾಗಿ ಪ್ರತಿ ಸ್ಕೂಲ್‌ಗೂ ಒಂದು ಸಂಖ್ಯೆ ಸಿಕ್ಕಿತು: ಒಟ್ಟು ಖರ್ಚಿನಲ್ಲಿ 50,000 ಕಳೆಯಿರಿ, 15,000 ಕಳೆಯಿರಿ, ಉಳಿದದ್ದು ಸ್ಕಾಲರ್‌ಶಿಪ್ ಆಗಿ ಬರಲೇಬೇಕಾದ ಹಣ. ಈ ಸಂಖ್ಯೆ ಇಲ್ಲದೆ ಮಾತುಕತೆಗೆ ಇಳಿದರೆ ಸುಮ್ನೆ "ಇನ್ನೂ ಸ್ವಲ್ಪ ಕೊಡಿ" ಅಂತ ಕೇಳಿದಂತಾಗುತ್ತದೆ. ಯಾವ ಅರ್ಜಿ ಬಿಡಬಹುದು, ಯಾವುದು ಬಿಡಬಾರದು ಅಂತಲೂ ತಿಳಿಯುವುದಿಲ್ಲ.

ಫೆಬ್ರವರಿ ಮಧ್ಯದಲ್ಲಿ ಇದ್ದ ಸ್ಥಿತಿ

ಒಂಬತ್ತು ಅರ್ಜಿ. ಒಂದು ಕಡೆ ಸಿಗಲಿಲ್ಲ, ಒಂದು ಕಡೆ ವೇಯ್ಟ್‌ಲಿಸ್ಟ್, ಎರಡು ಕಡೆ ಇನ್ನೂ ಉತ್ತರ ಇಲ್ಲ. ಉಳಿದ ಐದು ಕಡೆ ಪ್ರವೇಶ ಸಿಕ್ಕಿತ್ತು. ಅವನ್ನು ಹೀಗೆ ಕರೆಯುತ್ತೇನೆ.

ದೊಡ್ಡ ಸ್ಕೂಲ್: ಮಹಾನಗರದ ಖಾಸಗಿ ಸಂಸ್ಥೆ, ವರ್ಷದ ಖರ್ಚು 1,12,000. ಕೊಟ್ಟ ಸ್ಕಾಲರ್‌ಶಿಪ್ 30,000. ನಡುವಿನ ಸ್ಕೂಲ್: ಇದೂ ಖಾಸಗಿ, ಹೆಸರಿನಲ್ಲಿ ಒಂದು ಮೆಟ್ಟಿಲು ಕೆಳಗೆ, ಖರ್ಚು 96,000, ಸ್ಕಾಲರ್‌ಶಿಪ್ 45,000. ಅಲ್ಲಿ ಇಮಿಗ್ರೇಶನ್ ಕ್ಲಿನಿಕ್ ಇದೆ. ಅಂದರೆ ಓದುತ್ತಿರುವಾಗಲೇ ಪ್ರಾಧ್ಯಾಪಕರ ಕೈಕೆಳಗೆ ನಿಜವಾದ ಕೇಸು ನಡೆಸಬಹುದು. ರಾಜ್ಯದ ಸ್ಕೂಲ್: ಅವರದೇ ರಾಜ್ಯದ ಸರ್ಕಾರಿ ಯೂನಿವರ್ಸಿಟಿ, ಖರ್ಚು 58,000, ಸ್ಕಾಲರ್‌ಶಿಪ್ 24,000. ಷರತ್ತಿನ ಸ್ಕೂಲ್: ಪೂರ್ತಿ ಟ್ಯೂಷನ್ ಮಾಫಿ, ಆದರೆ ಮೊದಲ ವರ್ಷದ ಸರಾಸರಿ ಅಂಕ (4ಕ್ಕೆ) 3.0ಕ್ಕಿಂತ ಕೆಳಗೆ ಇಳಿಯಬಾರದು. ದೂರದ ಸ್ಕೂಲ್: ಅಮೆರಿಕದ ಮಧ್ಯಭಾಗದ್ದು, ಪೂರ್ತಿ ಟ್ಯೂಷನ್ ಮಾಫಿ, ಷರತ್ತೂ ಇಲ್ಲ. ಅರ್ಜಿ ಶುಲ್ಕ ಬೇಡ ಅಂತ ಅವರೇ ಬರೆದಿದ್ದರಿಂದ ಹಾಕಿದ್ದಳು.

ಲಾ ಸ್ಕೂಲ್ ಪ್ರವೇಶ ಪರೀಕ್ಷೆಯಾದ ಎಲ್‌ಸ್ಯಾಟ್‌ನಲ್ಲಿ ಅವಳಿಗೆ 180ಕ್ಕೆ 168, ಡಿಗ್ರಿಯ ಜಿಪಿಎ, ಅಂದರೆ ಸರಾಸರಿ ಅಂಕ, 3.93. ಈ ಎರಡು ಸಂಖ್ಯೆ ಯಾಕೆ ಮುಖ್ಯ ಅಂದರೆ, ಪ್ರತಿ ಲಾ ಸ್ಕೂಲ್ ತಾನು ಸೇರಿಸಿಕೊಂಡವರ ಮಧ್ಯದ ಅಂಕ ಎಷ್ಟು ಅಂತ ಪ್ರಕಟಿಸಬೇಕು, ರ‍್ಯಾಂಕಿಂಗ್‌ನಲ್ಲೂ ಅದು ಲೆಕ್ಕಕ್ಕೆ ಬರುತ್ತದೆ. ದೊಡ್ಡ ಸ್ಕೂಲ್‌ನ ಮಧ್ಯದ ಎಲ್‌ಸ್ಯಾಟ್ 171, ಜಿಪಿಎ 3.9. ಅಲ್ಲಿ ಅವಳ ಜಿಪಿಎ ಮಧ್ಯಕ್ಕಿಂತ ಮೇಲೆ, ಹಾಗಾಗಿ ಅವರಿಗೆ ಬೇಕು. ಎಲ್‌ಸ್ಯಾಟ್ ಮಧ್ಯಕ್ಕಿಂತ ಕೆಳಗೆ, ಹಾಗಾಗಿ ಬೇಡ. ದೂರದ ಸ್ಕೂಲ್‌ನಲ್ಲಿ ಎರಡೂ ಮಧ್ಯಕ್ಕಿಂತ ಎಷ್ಟೋ ಮೇಲೆ. ಅವರು ಪೂರ್ತಿ ಮಾಫಿ ಕೊಟ್ಟದ್ದು ಅದಕ್ಕೇ. ಅಮೆರಿಕನ್ ಬಾರ್ ಅಸೋಸಿಯೇಶನ್‌ನ 509 ವರದಿ ಅಂತ ಪ್ರತಿ ಡಿಸೆಂಬರ್‌ನಲ್ಲಿ ಬರುತ್ತದೆ. ಯಾವ ಸ್ಕೂಲ್ ಎಷ್ಟು ಜನರಿಗೆ ಎಷ್ಟು ಸ್ಕಾಲರ್‌ಶಿಪ್ ಕೊಟ್ಟಿದೆ, ಷರತ್ತಿನ ಸ್ಕಾಲರ್‌ಶಿಪ್ ಎಷ್ಟು ಜನ ಕಳೆದುಕೊಂಡರು, ಎಲ್ಲ ಅದರಲ್ಲಿದೆ. ಮಕ್ಕಳು ರ‍್ಯಾಂಕಿಂಗ್ ಪಟ್ಟಿಯನ್ನು ಬಾಯಿಪಾಠ ಮಾಡಿರುತ್ತಾರೆ, ಇದನ್ನು ತೆರೆದೇ ನೋಡಿರುವುದಿಲ್ಲ. ನನಗೆ ಇದು ನಿಜಕ್ಕೂ ಬೇಜಾರಿನ ಸಂಗತಿ.

ಮನೆಯಲ್ಲಿ ಮೂರು ಅಭಿಪ್ರಾಯ

ಮಗಳಿಗೆ ದಿನಾ ಬರುವ ಇಮೇಲ್‌ಗಳಿಂದ ಸುಸ್ತಾಗಿತ್ತು. ದೊಡ್ಡದು, ನಡುವಿನದು ಎರಡನ್ನು ಇಟ್ಟುಕೊಂಡು ಮಿಕ್ಕ ಎಲ್ಲವನ್ನೂ ಇವತ್ತೇ ಬಿಡುತ್ತೇನೆ ಅಂತ ಕೂತಿದ್ದಳು. ಅಮ್ಮನಿಗೆ ಇನ್ನೊಬ್ಬರ ಮಕ್ಕಳ ಸೀಟನ್ನು ಹಿಡಿದುಕೊಂಡು ಕೂತಿರುವುದು ಸರಿ ಕಾಣುತ್ತಿರಲಿಲ್ಲ. ಅಪ್ಪ ಪೂರ್ತಿ ತದ್ವಿರುದ್ಧ. "ಅಕ್ಕಾ, ಬಿಟ್ಟುಕೊಟ್ಟ ಸೀಟು ಮತ್ತೆ ಬರುತ್ತಾ? ಕೊನೇ ದಿನದ ತನಕ ಒಂದನ್ನೂ ಬಿಡೋದು ಬೇಡ" ಅಂದರು.

ಅಪ್ಪನ ಮಾತು ಬಂದದ್ದು ಸಿಇಟಿಯಿಂದ. ಅವರ ತಮ್ಮನ ಮಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಸೀಟಿಗೆ ಚಾಯ್ಸ್ 2 ಕೊಟ್ಟು, ಕೈಯಲ್ಲಿದ್ದ ಸೀಟನ್ನು ಉಳಿಸಿಕೊಂಡೇ ಮುಂದಿನ ಸುತ್ತಿಗೆ ಕಾದು ಒಳ್ಳೆಯ ಕಾಲೇಜು ಹಿಡಿದಿದ್ದ. ಅಲ್ಲಿ ಅದು ಸರಿಯಾದ ದಾರಿ. ಪ್ರಾಧಿಕಾರ ಒಂದೇ, ಸುತ್ತುಗಳು ಗೊತ್ತಿವೆ, ಮೇಲಿನ ಸೀಟು ಸಿಕ್ಕ ಕೂಡಲೇ ಕೆಳಗಿನದು ತಾನಾಗಿ ಇನ್ನೊಬ್ಬರಿಗೆ ಹೋಗುತ್ತದೆ. ಫೀಸಿನ ಬಗ್ಗೆ ಯಾರ ಜೊತೆಯೂ ಮಾತಾಡುವಂತಿಲ್ಲ. ಅಮೆರಿಕದ ಲಾ ಸ್ಕೂಲ್‌ಗಳಲ್ಲಿ ಅರ್ಜಿ ಹೋಗುವುದು ಮಾತ್ರ ಎಲ್‌ಸ್ಯಾಕ್ ಅನ್ನುವ ಸಂಸ್ಥೆಯ ಒಂದೇ ಬಾಗಿಲಿನಿಂದ. ಆಮೇಲೆ ಪ್ರತಿಯೊಂದು ಸ್ಕೂಲ್‌ಗೂ ಅದರದೇ ತಾರೀಕು, ಸೀಟು ಕಾಯ್ದಿರಿಸಲು ಕಟ್ಟುವ ಅದರದೇ ಡಿಪಾಸಿಟ್, ಅದರದೇ ಸ್ಕಾಲರ್‌ಶಿಪ್ ಹಣ. ನೀವು ಬಿಡುತ್ತೇನೆ ಅನ್ನುವವರೆಗೂ ಆ ಸೀಟು, ಆ ಹಣ ಅಲ್ಲೇ ಸಿಕ್ಕಿಕೊಂಡಿರುತ್ತದೆ.

ಒಂದೊಂದು ಸ್ಕೂಲ್‌ಗೂ ಎರಡು ಪ್ರಶ್ನೆ ಕೇಳಿಕೋ ಅಂತ ನಾನು ಅವಳಿಗೆ ಹೇಳಿದೆ. ನಾಳೆ ಬೆಳಿಗ್ಗೆ ಇವರು ಕೇಳಿದಷ್ಟು ಹಣ ಕೊಟ್ಟರೆ ಹೋಗುತ್ತೀಯಾ? ಹೋಗುವುದಿಲ್ಲ ಅಂದರೆ, ಇವರ ಪತ್ರ ಬೇರೆ ಯಾವುದಾದರೂ ಸ್ಕೂಲ್ ಎದುರು ತೂಕದ್ದಾ? ಎರಡಕ್ಕೂ ಇಲ್ಲ ಅಂತ ಬಂದರೆ ಅದೇ ದಿನ ಬಿಡು. ಎರಡನೆಯದಕ್ಕೆ ಮಾತ್ರ ಹೌದು ಅಂದರೆ, ಆ ಪತ್ರ ತೋರಿಸಿದ ಮಾತುಕತೆ ಮುಗಿಯುವ ತನಕ ಇಟ್ಟುಕೋ, ಮುಗಿದ ದಿನ ಬಿಡು.

ದೂರದ ಸ್ಕೂಲ್: ಫೆಬ್ರವರಿ ಕೊನೆ

ಪೂರ್ತಿ ಮಾಫಿಯ ಪತ್ರವನ್ನು ಬಿಡು ಅಂದಾಗ ಅಪ್ಪನಿಗೆ ತಡೆಯಲಾಗಲಿಲ್ಲ. ಅದನ್ನು ತೋರಿಸಿ ದೊಡ್ಡ ಸ್ಕೂಲ್ ಹತ್ತಿರ ಜಾಸ್ತಿ ಕೇಳಬಹುದಲ್ವಾ ಅಂದರು. ಕೇಳಬಹುದು, ಆದರೆ ಕೆಲಸ ಆಗುವುದಿಲ್ಲ. ಲಾ ಸ್ಕೂಲ್‌ಗಳು ನೋಡುವುದು ತಮ್ಮ ಹತ್ತಿರ ಬರಬೇಕಾದ ಹುಡುಗರನ್ನು ಕಿತ್ತುಕೊಳ್ಳುವ ಸ್ಕೂಲ್‌ಗಳ ಪತ್ರವನ್ನು. ರ‍್ಯಾಂಕಿಂಗ್‌ನಲ್ಲಿ ತುಂಬ ಕೆಳಗಿರುವ, ಸಾವಿರ ಮೈಲಿ ಆಚೆಯ ಸ್ಕೂಲ್ ಪೂರ್ತಿ ಮಾಫಿ ಕೊಟ್ಟಿದೆ ಅಂದರೆ, ಹಾಗಾದರೆ ಅಲ್ಲಿಗೇ ಹೋಗಿ ಅನ್ನುತ್ತಾರೆ. ಆ ಸ್ಕೂಲ್‌ನಿಂದ ಹೊರಬಂದವರಲ್ಲಿ ಬಹುಪಾಲು ಜನ ಆ ಸುತ್ತಲಿನ ರಾಜ್ಯಗಳಲ್ಲೇ ಕೆಲಸಕ್ಕೆ ಸೇರುತ್ತಾರೆ ಅಂತ ಅವರದೇ ಉದ್ಯೋಗದ ವರದಿಯಲ್ಲಿತ್ತು. ಅವಳಿಗೆ ಅಲ್ಲಿ ಇರುವ ಮನಸ್ಸಿಲ್ಲ. ಎರಡು ಪ್ರಶ್ನೆಗೂ ಇಲ್ಲ.

ಅವಳು ಬರೆದ ಇಮೇಲ್ ಕನ್ನಡದಲ್ಲಿ ಹೇಳುವುದಾದರೆ ಇಷ್ಟೇ: "ಪ್ರವೇಶ ಮತ್ತು ಸ್ಕಾಲರ್‌ಶಿಪ್ ಎರಡಕ್ಕೂ ಧನ್ಯವಾದ. ನನ್ನ ಅರ್ಜಿಯನ್ನು ವಾಪಸ್ ತೆಗೆದುಕೊಳ್ಳುತ್ತಿದ್ದೇನೆ. ಈ ಹಣ ಬೇರೆ ವಿದ್ಯಾರ್ಥಿಗೆ ಬೇಗ ಸಿಗಲಿ ಅಂತ ಈಗಲೇ ತಿಳಿಸುತ್ತಿದ್ದೇನೆ." ಕೆಳಗೆ ಪೂರ್ತಿ ಹೆಸರು, ಎಲ್‌ಸ್ಯಾಕ್ ಸಂಖ್ಯೆ. ಯಾಕೆ, ಎಲ್ಲಿಗೆ ಅಂತ ವಿವರಿಸಬೇಕಾದ ಅಗತ್ಯ ಇಲ್ಲ. ಹೀಗೆ ಬಿಟ್ಟವರಿಗೆ ಮುಂದೆಂದಾದರೂ ಅಲ್ಲಿಗೇ ಅರ್ಜಿ ಹಾಕಬೇಕಾಗಿ ಬಂದರೆ ಮುಖ ತಗ್ಗಿಸುವ ಕಾರಣ ಇರುವುದಿಲ್ಲ. ಉತ್ತರವನ್ನೇ ಕೊಡದೆ ಕಾಯಿಸಿ ಕೈಬಿಟ್ಟವರಿಗೆ ಇರುತ್ತದೆ.

ಷರತ್ತಿನ ಸ್ಕೂಲ್: ಮಾರ್ಚ್

ಇದರ ಕಥೆ ಬೇರೆ. ಲಾ ಸ್ಕೂಲ್‌ನ ಮೊದಲ ವರ್ಷದಲ್ಲಿ ಅಂಕ ಕೊಡುವುದು ಕರ್ವ್ ಮೇಲೆ. ತರಗತಿಯ ಸರಾಸರಿ ಇಷ್ಟೇ ಇರಬೇಕು ಅಂತ ಮೊದಲೇ ನಿಗದಿಯಾಗಿರುತ್ತದೆ. ಆ ಸರಾಸರಿ 3.0 ಆಸುಪಾಸಿನಲ್ಲಿದ್ದರೆ, ಎಲ್ಲರೂ ಎಷ್ಟೇ ಚೆನ್ನಾಗಿ ಓದಿದರೂ ಸುಮಾರು ಅರ್ಧ ಜನ ಅದರ ಕೆಳಗೆ ಬೀಳಲೇಬೇಕು. ಡಿಗ್ರಿಯಲ್ಲಿ 3.93 ತೆಗೆದ ಹುಡುಗಿಗೆ 3.0 ಯಾವ ಲೆಕ್ಕ ಅಂತ ಅಪ್ಪ ಅಮ್ಮನಿಗೆ ಅನಿಸಿದ್ದು ಸಹಜ. ಆದರೆ ಪಕ್ಕದಲ್ಲಿ ಕೂರುವವರೂ ಅಂಥವರೇ. ಷರತ್ತಿನ ಮೇಲೆ ಬಂದವರಲ್ಲಿ ಹಿಂದಿನ ವರ್ಷ ಸುಮಾರು ಮೂರರಲ್ಲಿ ಒಬ್ಬರು ಸ್ಕಾಲರ್‌ಶಿಪ್ ಕಳೆದುಕೊಂಡಿದ್ದರು ಅಂತ ಆ ಸ್ಕೂಲ್‌ನ 509 ವರದಿಯಲ್ಲೇ ಇತ್ತು. ಷರತ್ತು ತೆಗೆಯುತ್ತೀರಾ ಅಂತ ಅವಳು ಕೇಳಿದಳು. ಆಗುವುದಿಲ್ಲ ಅಂದರು. ಅಲ್ಲಿಗೆ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು.

ಎರಡನೆಯದಕ್ಕೆ ಮಾತ್ರ ಉತ್ತರ ಹೌದು. ಇದೂ ರಾಜ್ಯದ ಸ್ಕೂಲ್ ಕೂಡ ಒಂದೇ ಮಟ್ಟದವು, ಒಂದೇ ಪ್ರದೇಶದವು, ಒಂದೇ ಥರದ ವಿದ್ಯಾರ್ಥಿಗಳಿಗೆ ಪೈಪೋಟಿ ಮಾಡುವವು. ಹಾಗಾಗಿ ಆ ಪತ್ರವನ್ನು, ಷರತ್ತಿನ ಸಾಲನ್ನು ಮುಚ್ಚಿಡದೆ, ರಾಜ್ಯದ ಸ್ಕೂಲ್‌ಗೆ ಕಳಿಸಿ ಮರುಪರಿಶೀಲನೆ ಕೇಳಿದಳು. ಹತ್ತು ದಿನದಲ್ಲಿ 24,000 ಇದ್ದದ್ದು 30,000 ಆಯಿತು. ಉತ್ತರ ಬಂದ ಮರುದಿನವೇ ಷರತ್ತಿನ ಸ್ಕೂಲ್‌ನಿಂದ ಅರ್ಜಿ ವಾಪಸ್ ತೆಗೆದುಕೊಂಡಳು. ಫೆಬ್ರವರಿಯಲ್ಲೇ ಸುಸ್ತಾಗಿ ಬಿಟ್ಟಿದ್ದರೆ ಈ ಪತ್ರ ತೋರಿಸುವಂತಿರಲಿಲ್ಲ. ಬಿಟ್ಟ ಸೀಟನ್ನು ಕೈಯಲ್ಲಿದೆ ಅಂತ ಹೇಳುವುದು ಸುಳ್ಳು.

ಇನ್ನೂ ಉತ್ತರ ಬಾರದ ಎರಡು ಅರ್ಜಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಉತ್ತರ ಬಾರದ ಅರ್ಜಿ ಯಾರ ಸೀಟನ್ನೂ, ಯಾರ ಹಣವನ್ನೂ ಹಿಡಿದಿಟ್ಟಿರುವುದಿಲ್ಲ. ಹೋಗುವ ಮನಸ್ಸು ಇರುವ ತನಕ ಇಟ್ಟುಕೊಳ್ಳಬಹುದು. ಅವುಗಳಲ್ಲಿ ಒಂದು ದೊಡ್ಡ ಸ್ಕೂಲ್‌ಗಿಂತಲೂ ಮೇಲಿನದು. ಅದು ಮುಂದೆ ಒಂದು ತೊಡಕು ತಂದಿತು.

ಒಂದು ವಾಕ್ಯದ ಮೇಲೆ ನಡೆದ ಜಗಳ

ದೊಡ್ಡ ಸ್ಕೂಲ್‌ನಲ್ಲಿ ಸ್ಕಾಲರ್‌ಶಿಪ್ ಮರುಪರಿಶೀಲನೆಗೆ ಒಂದು ಆನ್‌ಲೈನ್ ಫಾರ್ಮ್ ಇತ್ತು, ಮಾರ್ಚ್ 20 ಕೊನೆಯ ದಿನ. ಎಲ್ಲ ಕಡೆ ಹೀಗೆ ಕೇಳುವಂತಿಲ್ಲ. ಯೇಲ್, ಹಾರ್ವರ್ಡ್, ಸ್ಟ್ಯಾನ್‌ಫರ್ಡ್ ಮೂರೂ ಸಹಾಯ ಕೊಡುವುದು ಮನೆಯ ಆರ್ಥಿಕ ಸ್ಥಿತಿ ನೋಡಿ. ಅಲ್ಲಿ ಬೇರೆಯವರ ಮೆರಿಟ್ ಪತ್ರ ತೋರಿಸಿ ಚೌಕಾಸಿ ಮಾಡಿ ಪ್ರಯೋಜನ ಇಲ್ಲ. ಈ ಸ್ಕೂಲ್ ಹಾಗಲ್ಲ. ಬೇರೆ ಪತ್ರಗಳನ್ನು ಲಗತ್ತಿಸಿ ಅಂತ ಅವರೇ ಕೇಳಿದ್ದರು.

ಎಷ್ಟು ಕೇಳಬೇಕು? ಲೆಕ್ಕದ ಪ್ರಕಾರ 1,12,000ದಲ್ಲಿ 65,000 ಕಳೆದರೆ 47,000. ಆದರೆ ಟ್ಯೂಷನ್, ಬಾಡಿಗೆ ವರ್ಷ ವರ್ಷ ಏರುತ್ತವೆ, ಸ್ಕಾಲರ್‌ಶಿಪ್ ಅಷ್ಟೇ ಇರುತ್ತದೆ. ನೂರಕ್ಕೆ ಮೂರರಂತೆ ಏರಿದರೂ ಎರಡನೇ ವರ್ಷ 1,15,000 ದಾಟುತ್ತದೆ, ಮೂರನೇ ವರ್ಷ 1,19,000ದ ಹತ್ತಿರ. 47,000 ಸಿಕ್ಕರೆ ಎರಡನೇ ವರ್ಷದಿಂದಲೇ ಖಾಸಗಿ ಸಾಲ ಬೇಕಾಗುತ್ತದೆ. 52,000 ಆದರೆ ಮೊದಲೆರಡು ವರ್ಷ ಮಿತಿಯೊಳಗೆ ಸಾಗುತ್ತದೆ, ಮೂರನೇ ವರ್ಷ ಕಡಿಮೆ ಬೀಳುವ ಸುಮಾರು 2,000ವನ್ನು ಬೇಸಿಗೆ ಕೆಲಸದ ಸಂಬಳದಲ್ಲಿ ನಿಭಾಯಿಸಬಹುದು. ಹಾಗಾಗಿ 52,000 ಅಂತ ನಿರ್ಧಾರವಾಯಿತು. ಈ ಲೆಕ್ಕವನ್ನೇ ಫಾರ್ಮ್‌ನಲ್ಲಿ ನಾಲ್ಕು ಸಾಲಿನಲ್ಲಿ ಬರೆದಳು, ನಡುವಿನ ಸ್ಕೂಲ್‌ನ 45,000ದ ಪತ್ರ ಲಗತ್ತಿಸಿದಳು.

ಫಾರ್ಮ್‌ನ ಕೊನೆಯ ಪ್ರಶ್ನೆ ಇದು: ಕೇಳಿದ ಮೊತ್ತ ಕೊಟ್ಟರೆ ನೀವು ಇಲ್ಲಿಗೇ ಬರುವುದು ಖಚಿತವೇ?

ಅಪ್ಪ ಹೇಳಿದರು, "ಹೂಂ ಅಂತ ಬರಿ ಮಗಾ. ಕೊಟ್ಟ ಮೇಲೆ ನೋಡೋಣ. ಕಾಗದಕ್ಕೆ ಸಹಿ ಮಾಡಿಲ್ಲವಲ್ಲ." ಮಗಳು ನನ್ನ ಕಡೆ ತಿರುಗಿದಳು. "ಆಂಟಿ, ಆ ಮೇಲಿನ ಸ್ಕೂಲ್‌ನಿಂದ ಉತ್ತರ ಬಂದಿಲ್ಲ. ಅಲ್ಲಿ ಸಿಕ್ಕರೆ?"

ಇಲ್ಲಿ ನಾನು ಗಟ್ಟಿಯಾಗಿಯೇ ಮಾತಾಡಿದೆ. ಅವಳು ಸೇರಲು ಹೊರಟಿರುವುದು ವಕೀಲಿ ವೃತ್ತಿಗೆ. ಮೂರು ವರ್ಷದ ನಂತರ ಬಾರ್ ಪರೀಕ್ಷೆ ಪಾಸು ಮಾಡಿದರೆ ಸಾಲದು, ನಡತೆಯ ಪರಿಶೀಲನೆಯನ್ನೂ ದಾಟಬೇಕು. ಲಾ ಸ್ಕೂಲ್ ಅರ್ಜಿಯಲ್ಲಿ ಬರೆದದ್ದನ್ನೂ ಅಲ್ಲಿ ತಾಳೆ ನೋಡುವುದುಂಟು. ಒಂದು ಫಾರ್ಮ್‌ನ ಹೂಂಗೆ ಯಾರೂ ಅವಳನ್ನು ತಡೆಯುವುದಿಲ್ಲ ಅಂತ ನನಗೂ ಗೊತ್ತು. ಆದರೆ ಕಕ್ಷಿದಾರನ ಪರವಾಗಿ ಎದುರಿನವರಿಗೆ "ಇಷ್ಟಕ್ಕೆ ಒಪ್ಪುತ್ತೇವೆ" ಅಂತ ಹೇಳುವುದೇ ನಾಳೆ ಅವಳ ದಿನದ ಕೆಲಸ. ಆ ಮಾತಿನ ಬೆಲೆ ಇವತ್ತಿನಿಂದಲೇ ಶುರು. ಪ್ರವೇಶ ವಿಭಾಗದವರಿಗೂ ಈ ಹೂಂ ಬರೀ ಮಾತಲ್ಲ. ಅವಳಿಗೆ ಅಂತ ತೆಗೆದಿಟ್ಟ ಹೆಚ್ಚಿನ 22,000 ಇನ್ನೊಬ್ಬರಿಗೆ ಕೊಡದೆ ಉಳಿಸಿಕೊಂಡ ಹಣ.

ಹಾಗಾದರೆ ಏನು ಬರೆಯುವುದು? ಅದಕ್ಕೆ ಉತ್ತರ ಇದ್ದದ್ದು ಮೇಲಿನ ಸ್ಕೂಲ್‌ನಲ್ಲಿ. ಅದು ನಾಳೆ ಸಿಕ್ಕರೂ ಏಪ್ರಿಲ್‌ನಲ್ಲಿ ಸ್ಕಾಲರ್‌ಶಿಪ್ ಇಲ್ಲದೆ, ಅಥವಾ ತೀರಾ ಕಡಿಮೆ ಹಣದೊಂದಿಗೆ ಸಿಗುವುದೇ ಜಾಸ್ತಿ. ಹಾಗೆ ಸಿಕ್ಕರೆ ಹೋಗುತ್ತೀಯಾ ಅಂತ ಕೇಳಿದೆ. ಎರಡು ದಿನ ತೆಗೆದುಕೊಂಡು ಇಲ್ಲ ಅಂದಳು. ಆಮೇಲೆ ಬರೆದದ್ದು: "ವರ್ಷಕ್ಕೆ 52,000 ಸಿಕ್ಕರೆ ಒಂದು ವಾರದೊಳಗೆ ಡಿಪಾಸಿಟ್ ಕಟ್ಟಿ, ಉಳಿದ ಎಲ್ಲ ಅರ್ಜಿಗಳನ್ನು ವಾಪಸ್ ತೆಗೆದುಕೊಳ್ಳುತ್ತೇನೆ." ಮೇಲಿನ ಸ್ಕೂಲ್‌ನ ಅರ್ಜಿಯನ್ನು ಆಗಲೇ ಬಿಡಬೇಕಾಗಿರಲಿಲ್ಲ. ಬಿಡುವ ಮನಸ್ಸು ಗಟ್ಟಿ ಮಾಡಿಕೊಂಡಿದ್ದರೆ ಸಾಕಿತ್ತು.

ಏಪ್ರಿಲ್

ಏಪ್ರಿಲ್ 7ಕ್ಕೆ ದೊಡ್ಡ ಸ್ಕೂಲ್‌ನ ಉತ್ತರ ಬಂತು: 42,000. ಮನೆಯಲ್ಲಿ ಒಮ್ಮೆಗೆ ಖುಷಿ, ಮರುಕ್ಷಣ ಲೆಕ್ಕ. ಮೊದಲ ವರ್ಷ 5,000 ಖಾಸಗಿ ಸಾಲ, ಆಮೇಲೆ 8,000 ಚಿಲ್ಲರೆ, ಆಮೇಲೆ 12,000ದ ಹತ್ತಿರ. ಮೂರು ವರ್ಷಕ್ಕೆ 25,000 ಖಾಸಗಿ ಸಾಲ, ಜೊತೆಗೆ ಸರ್ಕಾರಿ ಸಾಲ 1,50,000. ಮನೆ ಮೇಲೆ ಸಾಲ ತೆಗೆಯುತ್ತೇನೆ ಅಂತ ಅಪ್ಪ ಹೊರಟರು.

ಗಡುವಿನ ಒತ್ತಡ ಶುರುವಾದದ್ದೂ ಆಗಲೇ. ನಡುವಿನ ಸ್ಕೂಲ್‌ಗೆ ಏಪ್ರಿಲ್ 10ರೊಳಗೆ 500 ಡಾಲರ್ ಡಿಪಾಸಿಟ್ ಕಟ್ಟಬೇಕಿತ್ತು. ಇಂಥ ಹೊತ್ತಿನಲ್ಲಿ ಎಷ್ಟೋ ಜನ ಎರಡೂ ಕಡೆ ಡಿಪಾಸಿಟ್ ಕಟ್ಟಿಬಿಡುತ್ತಾರೆ. ಡಿಪಾಸಿಟ್ ಪುಟದ ಕೆಳಗಿನ ಸಾಲುಗಳನ್ನು ಓದದೆ ಹಾಗೆ ಮಾಡಬಾರದು. ಕೆಲವು ಸ್ಕೂಲ್‌ಗಳು ಡಿಪಾಸಿಟ್ ಕಟ್ಟಿದವರು ಬೇರೆ ಕಡೆಯ ಅರ್ಜಿಗಳನ್ನು ಇಂಥ ದಿನದೊಳಗೆ ವಾಪಸ್ ತೆಗೆದುಕೊಳ್ಳಬೇಕು, ವೇಯ್ಟ್‌ಲಿಸ್ಟ್‌ಗೆ ಮಾತ್ರ ವಿನಾಯಿತಿ ಅಂತ ಬರೆದಿರುತ್ತವೆ. ಒಬ್ಬರೇ ಎರಡು ಮೂರು ಕಡೆ ಡಿಪಾಸಿಟ್ ಕಟ್ಟಿದ್ದರೆ ಅದು ಎಲ್‌ಸ್ಯಾಕ್ ಮೂಲಕ ಸ್ಕೂಲ್‌ಗಳಿಗೆ ತಿಳಿಯುವ ವ್ಯವಸ್ಥೆಯೂ ಇದೆ.

ಅವಳು ಮಾಡಿದ ಕೆಲಸದ ಕ್ರಮ ನೋಡಿ. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಇದೇ. ಮೊದಲು ದೊಡ್ಡ ಸ್ಕೂಲ್‌ಗೆ ಧನ್ಯವಾದ ಹೇಳಿ, 42,000 ಕೊನೆಯ ಮೊತ್ತವೇ ಅಂತ ಕೇಳಿದಳು. ಸದ್ಯಕ್ಕೆ ಇಷ್ಟೇ ಅಂತ ಮಾರನೇ ದಿನ ಉತ್ತರ ಬಂತು. ಅಲ್ಲಿಗೆ ಅವಳು ಕೊಟ್ಟಿದ್ದ ಮಾತು ಮುಗಿಯಿತು. ಅವರು 52,000 ಕೊಡಲಿಲ್ಲ, ಇವಳು ಕಟ್ಟುಬೀಳಬೇಕಾಗಿಲ್ಲ. ಅದು ಸ್ಪಷ್ಟವಾದ ಮೇಲಷ್ಟೇ ನಡುವಿನ ಸ್ಕೂಲ್‌ಗೆ ಬರೆದಳು. ಎರಡು ಸ್ಕೂಲ್‌ಗಳಿಗೆ ಒಂದೇ ಹೊತ್ತಿಗೆ "ಇಷ್ಟು ಕೊಟ್ಟರೆ ಬರುತ್ತೇನೆ" ಅಂತ ಹೇಳಿ, ಇಬ್ಬರೂ ಕೊಟ್ಟುಬಿಟ್ಟರೆ ಒಂದು ಕಡೆ ಮಾತು ತಪ್ಪಲೇಬೇಕು. ಹಾಗಾಗದಂತೆ ಒಂದು ಸಲಕ್ಕೆ ಒಂದೇ ಮಾತು.

ನಡುವಿನ ಸ್ಕೂಲ್‌ಗೆ ಏಪ್ರಿಲ್ 9ರಂದು ಹೋದ ಇಮೇಲ್‌ನಲ್ಲಿ ಎರಡು ವಿಷಯ ಇತ್ತು. ಗಡುವನ್ನು ಐದು ದಿನ ಮುಂದೂಡಬಹುದೇ? ದೊಡ್ಡ ಸ್ಕೂಲ್ 42,000 ಕೊಟ್ಟಿದೆ, ಪತ್ರ ಲಗತ್ತಿಸಿದೆ. ನನಗೆ ಇಮಿಗ್ರೇಶನ್ ಕೆಲಸ ಮಾಡಬೇಕು, ಅದಕ್ಕೆ ಮೂರು ವರ್ಷದ ಸಾಲ ಒಂದು ಲಕ್ಷದೊಳಗೆ ಇರಬೇಕು. ಈಗಿನ 45,000ದಲ್ಲಿ ಅದು 1,17,000 ಹತ್ತಿರ ಹೋಗುತ್ತದೆ. 52,000 ಆದರೆ 96,000 ಆಸುಪಾಸಿನಲ್ಲಿ ನಿಲ್ಲುತ್ತದೆ. ಅಷ್ಟು ಕೊಟ್ಟರೆ ಅದೇ ದಿನ ಡಿಪಾಸಿಟ್ ಕಟ್ಟಿ ಉಳಿದ ಅರ್ಜಿಗಳನ್ನು ಬಿಡುತ್ತೇನೆ. ಗಡುವು ಮುಂದೂಡಲು ಸಂಜೆಯೊಳಗೆ ಒಪ್ಪಿದರು. ಹಣಕ್ಕೆ 13ನೇ ತಾರೀಕು ಒಪ್ಪಿದರು.

ಅವತ್ತು ರಾತ್ರಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಡಿಪಾಸಿಟ್ ಕಟ್ಟಿ, ಒಂದಾದ ಮೇಲೊಂದು ಅರ್ಜಿ ವಾಪಸ್ ತೆಗೆದುಕೊಂಡಳು: ದೊಡ್ಡದು, ರಾಜ್ಯದ್ದು, ಉತ್ತರ ಬಾರದ ಎರಡು, ಕೊನೆಗೆ ವೇಯ್ಟ್‌ಲಿಸ್ಟ್. ವೇಯ್ಟ್‌ಲಿಸ್ಟ್ ಉಳಿಸಿಕೊಳ್ಳಲು ನಿಯಮದಲ್ಲಿ ಅವಕಾಶ ಇತ್ತು. ಆದರೆ ಜೂನ್‌ನಲ್ಲಿ ವೇಯ್ಟ್‌ಲಿಸ್ಟ್‌ನಿಂದ ಕರೆ ಬಂದರೆ ಅದರ ಜೊತೆ ಹಣ ಬರುವುದು ಅಪರೂಪ. ಮೊದಲ ಪ್ರಶ್ನೆ ಕೇಳಿಕೊಂಡಳು, ಉತ್ತರ ಇಲ್ಲ ಅಂತ ಬಂತು.

ರಾಜ್ಯದ ಸ್ಕೂಲ್ ಬಿಡುವಾಗ ಮಾತ್ರ ಅಮ್ಮ ಸ್ವಲ್ಪ ತಡಿ ಅಂದರು. 30,000 ಸ್ಕಾಲರ್‌ಶಿಪ್‌ನಲ್ಲಿ ಅಲ್ಲಿ ಮೂರು ವರ್ಷದ ಸಾಲ 45,000 ದಾಟುತ್ತಿರಲಿಲ್ಲ. ನನ್ನನ್ನು ಕೇಳಿದ್ದರೆ ಅದೂ ತುಂಬ ಒಳ್ಳೆಯ ತೀರ್ಮಾನವೇ ಅಂತ ಹೇಳುತ್ತಿದ್ದೆ, ಹೇಳಿಯೂ ಹೇಳಿದೆ. ಇಮಿಗ್ರೇಶನ್ ಅನ್ನುವುದು ಕೇಂದ್ರ ಸರ್ಕಾರದ ಕಾನೂನು, ಯಾವ ರಾಜ್ಯದ ಲೈಸೆನ್ಸ್ ಇದ್ದರೂ ಎಲ್ಲಿ ಬೇಕಾದರೂ ಆ ಕೇಸು ನಡೆಸಬಹುದು. ಅವಳು ಕ್ಲಿನಿಕ್ ಇರುವ ಸ್ಕೂಲ್‌ಗಾಗಿ 50,000 ಡಾಲರ್ ಹೆಚ್ಚಿನ ಸಾಲ ಒಪ್ಪಿಕೊಂಡಳು. ಅದು ಅವಳ ಆಯ್ಕೆ, ಸಂಖ್ಯೆಗಳನ್ನು ಕಣ್ಣೆದುರು ಇಟ್ಟುಕೊಂಡು ಮಾಡಿದ ಆಯ್ಕೆ.

ಏಪ್ರಿಲ್ 24

ಮುಗೀತು ಅಂದುಕೊಂಡಿದ್ದಾಗ ದೊಡ್ಡ ಸ್ಕೂಲ್‌ನಿಂದ ಫೋನ್ ಬಂತು. ಅರ್ಜಿಯನ್ನು ಮತ್ತೆ ತೆರೆಯಲು ಒಪ್ಪಿದರೆ 50,000 ಕೊಡುತ್ತೇವೆ ಅಂದರು. ಇದು ವಿಚಿತ್ರ ಏನಲ್ಲ. ಏಪ್ರಿಲ್ ಕೊನೆಗೆ ಡಿಪಾಸಿಟ್ ಗಡುವುಗಳು ಮುಗಿದಾಗ, ಬೇರೆ ಕಡೆ ಹೋದವರಿಗೆ ಅಂತ ಇಟ್ಟಿದ್ದ ಹಣ ವಾಪಸ್ ಬಂದು ಸೇರುತ್ತದೆ. ಯಾವ ಅಂಕದವರು ಇನ್ನೂ ಬೇಕು ಅಂತಲೂ ಆಗ ಸ್ಪಷ್ಟವಾಗುತ್ತದೆ. 3.93 ಜಿಪಿಎ ಅವರಿಗೆ ಈಗ ಮೊದಲಿಗಿಂತ ಜಾಸ್ತಿ ಬೇಕಾಗಿತ್ತು.

ಅಪ್ಪ ನನಗೆ ಫೋನ್ ಮಾಡಿದರು. "ನೋಡಿದ್ರಾ ಅಕ್ಕಾ, ಹತ್ತು ದಿನ ತಡೆದಿದ್ದರೆ?" ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಹತ್ತು ದಿನ ತಡೆದಿದ್ದರೆ ನಡುವಿನ ಸ್ಕೂಲ್‌ನ ಗಡುವು ದಾಟಿ ಅಲ್ಲಿನ ಸೀಟು, 52,000 ಎರಡೂ ಹೋಗುತ್ತಿದ್ದವು. ಈ 50,000 ಬರುತ್ತದೆ ಅಂತ ಏಪ್ರಿಲ್ 13ಕ್ಕೆ ಯಾರಿಗೂ ಗೊತ್ತಿರಲಿಲ್ಲ, ಆ ಸ್ಕೂಲ್‌ಗೂ ಗೊತ್ತಿರಲಿಲ್ಲ.

ನಿಯಮದ ಪ್ರಕಾರ ಅವಳು ಹೋಗಬಹುದಿತ್ತು. ಕಳೆದುಕೊಳ್ಳುವುದು 500 ಡಾಲರ್ ಅಷ್ಟೇ. 50,000ದಲ್ಲಿ ದೊಡ್ಡ ಸ್ಕೂಲ್‌ನ ಲೆಕ್ಕವೂ ಹೆಚ್ಚುಕಡಿಮೆ ಹೊಂದುತ್ತಿತ್ತು. ಒಟ್ಟು ಸಾಲ ಮಾತ್ರ ನಡುವಿನ ಸ್ಕೂಲ್‌ಗಿಂತ ಸುಮಾರು 55,000 ಜಾಸ್ತಿ. ಅವಳು ಅಪ್ಪನಿಗೆ ಹೇಳಿದ್ದನ್ನು ಅವರೇ ನನಗೆ ಹೇಳಿದರು: "ಅಪ್ಪಾ, 52 ಕೊಟ್ಟರೆ ಬರ್ತೀನಿ ಅಂತ ನಾನೇ ಬರೆದಿದ್ದು. ಅವರು ಕೊಟ್ಟರು." ಸಾಲದ ಲೆಕ್ಕ ಹೇಳಿ ಒಪ್ಪಿಸುವುದು ಅವಳಿಗೆ ಸುಲಭವಾಗಿತ್ತು. ಅವಳು ಅದನ್ನು ಎತ್ತಲೇ ಇಲ್ಲ.

ದೊಡ್ಡ ಸ್ಕೂಲ್‌ಗೆ ಫೋನಿನಲ್ಲೇ ಧನ್ಯವಾದ ಹೇಳಿ, ಬರುವುದಿಲ್ಲ ಅಂತ ತಿಳಿಸಿದಳು. ಆಮೇಲೆ ನಡುವಿನ ಸ್ಕೂಲ್‌ನಿಂದ ಎರಡು ವಿಷಯವನ್ನು ಬರವಣಿಗೆಯಲ್ಲಿ ಕೇಳಿ ಪಡೆದುಕೊಂಡಳು: 52,000 ಮೂರೂ ವರ್ಷಕ್ಕೆ, ಅಂಕದ ಷರತ್ತಿಲ್ಲದೆ ಸಿಗುತ್ತದೆ, ಹೊರಗಿನ ಯಾವುದಾದರೂ ಟ್ರಸ್ಟ್ ಅಥವಾ ಸಂಘದಿಂದ ಸ್ಕಾಲರ್‌ಶಿಪ್ ಬಂದರೆ ಇದರಲ್ಲಿ ಕಡಿತ ಮಾಡುವುದಿಲ್ಲ. ಅಲ್ಲಿನ ಎರಡನೇ ಡಿಪಾಸಿಟ್ ಜೂನ್ 1ಕ್ಕೆ ಕಟ್ಟಿದರು. ಮೊದಲ ವರ್ಷದ 15,000ವನ್ನು ಅಪ್ಪ ಎರಡು ಕಂತಾಗಿ ಬೇರೆ ಖಾತೆಗೆ ಹಾಕಿಟ್ಟಿದ್ದಾರೆ, ಒಂದು ಆಗಸ್ಟ್ ಬಿಲ್ಲಿಗೆ, ಇನ್ನೊಂದು ಜನವರಿಗೆ.